ಬುತ್ತಿ ಕಟ್ಟುವ ಕೆಲಸ

ಆಫೀಸಿನಲ್ಲಿ ನೀನು ಮಾಡುವುದೇನು ಎಂದು ಅಮ್ಮ ಒಮ್ಮೆ ಕೇಳಿದ್ದಳು. ಪ್ರೋಗ್ರಾಂ ಬರೆಯುತ್ತೇನೆ ಎಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ನಮ್ಮ ಬೀದಿಯ ಅರ್ಧ ಮಕ್ಕಳು ಅದನ್ನೇ ಮಾಡುತ್ತಿದ್ದರು. ಆದರೆ ನಾನು ಬರೆಯುವವನಲ್ಲ. ಬೇರೆಯವರು ಬರೆದದ್ದನ್ನು ಗಿರಾಕಿಯ ಸರ್ವರಿನಲ್ಲಿ ನೆಟ್ಟಗೆ ಕೂರುವಂತೆ ಮಾಡುವವನು. ಪ್ಯಾಕೇಜಿಂಗ್ ಎಂದರೆ ರಟ್ಟಿನ ಡಬ್ಬ, ಥರ್ಮೊಕೋಲು ಎಂದುಕೊಂಡಾಳು ಅನ್ನಿಸಿ, "ಬುತ್ತಿ ಕಟ್ಟೋ ಕೆಲಸ ಅಂದ್ಕೊಳಮ್ಮ" ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ನಾನು ಹಾಸ್ಟೆಲಿಗೆ ಹೊರಟಾಗ ಚಟ್ನಿಪುಡಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಮಾತ್ರವಲ್ಲ, ಅಲ್ಲಿ ಸಿಗುತ್ತದೋ ಇಲ್ಲವೋ ಎಂದು ಒಂದು ಪೊಟ್ಟಣ ಉಪ್ಪನ್ನೂ ಕಟ್ಟಿಕೊಟ್ಟವಳು ಅವಳು. "ಹಾಗಾದ್ರೆ ಹಳಸದೇ ಇರೋದನ್ನ ಕಟ್ಟು" ಎಂದು ಹೇಳಿ ಒಳಗೆ ಹೋದಳು.

ಆ ಮಾತು ನನ್ನ ಮುಖಕ್ಕೆ ಬಡಿದಿದ್ದು 2014ರ ರಾಮನವಮಿಯ ವಾರದಲ್ಲಿ.

ಆಗ ನಾನಿದ್ದದ್ದು ಬೆಂಗಳೂರಿನ ದಕ್ಷಿಣದ ಒಂದು ಬಡಾವಣೆಯ ಪುಟ್ಟ ಕಂಪನಿಯಲ್ಲಿ. ಹನ್ನೊಂದು ಜನ. ಕೆಳಗೆ ಗಾಣದ ಎಣ್ಣೆ ಮಾರುವ ಅಂಗಡಿ, ಮೇಲೆ ನಾವು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರುಗಳೂ ಕೊಬ್ಬರಿ ಎಣ್ಣೆ ವಾಸನೆ ಹೊಡೆಯುತ್ತಿದ್ದವು. ಆಸ್ಪತ್ರೆಗಳ ಲ್ಯಾಬ್ ವರದಿಗಳನ್ನು ಡಾಕ್ಟರುಗಳು ಮನೆಯಲ್ಲಿ ಕೂತು ನೋಡುವಂತೆ ಮಾಡುವ ಸಾಫ್ಟ್‌ವೇರ್ ನಮ್ಮದು. ರಕ್ತ, ಮೂತ್ರ, ಬಯಾಪ್ಸಿ, ಎಲ್ಲದರ ವರದಿಯೂ ಆಸ್ಪತ್ರೆಯ ಒಂದು ಸರ್ವರಿನಲ್ಲಿ ಕೂತಿರುತ್ತಿತ್ತು. ಡಾಕ್ಟರು ಪಾಸ್‌ವರ್ಡ್ ಹಾಕಿ ಒಳಗೆ ಬಂದು ನೋಡಬೇಕು.

ಆ ಸರ್ವರುಗಳೆಲ್ಲ ಲಿನಕ್ಸ್. ಲಿನಕ್ಸ್ ಎಂದರೆ ಒಂದೇ ಎಂದುಕೊಳ್ಳುವವರಿಗೆ ಎರಡು ಮಾತು ಹೇಳಬೇಕು. ಒಳಗಿನ ತಿರುಳು ಒಂದೇ ಆದರೂ ಅದರ ಸುತ್ತ ಸಂಸಾರ ಹೂಡಿದವರು ಹಲವರು: ರೆಡ್‌ಹ್ಯಾಟ್, ಆಗ ಅದರದೇ ಪಡಿಯಚ್ಚಾಗಿದ್ದ ಸೆಂಟ್‌ಓಎಸ್, ಡೆಬಿಯನ್, ಉಬುಂಟು. ಇವನ್ನು ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಒಂದೊಂದರಲ್ಲೂ ಹಲವು ಆವೃತ್ತಿಗಳು, ಒಂದೊಂದು ಆವೃತ್ತಿಗೂ ವರ್ಷಗಟ್ಟಲೆ ಆಯುಸ್ಸು. 2007ರಲ್ಲಿ ಬಂದ ಸೆಂಟ್‌ಓಎಸ್ 5ಕ್ಕೆ 2017ರ ಮಾರ್ಚ್‌ವರೆಗೂ ಬೆಂಬಲವಿತ್ತು. ಆಸ್ಪತ್ರೆಯವರು ಒಮ್ಮೆ ನಡೆಯುತ್ತಿರುವುದನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹಾಗಾಗಿ ನಮ್ಮ ಗಿರಾಕಿಗಳಲ್ಲಿ ಸೆಂಟ್‌ಓಎಸ್ 5 ಇದ್ದವರು, 6 ಇದ್ದವರು, ಯಾರೋ ಉತ್ಸಾಹಿ ಉಬುಂಟು 12.04 ಹಾಕಿಕೊಟ್ಟು ಹೋದವರು ಎಲ್ಲರೂ ಇದ್ದರು.

ಯಾವ ಪ್ರೋಗ್ರಾಮೂ ಒಂಟಿಯಾಗಿ ಬದುಕುವುದಿಲ್ಲ. ಫೈಲನ್ನು ಕುಗ್ಗಿಸಲು ಒಂದು ಲೈಬ್ರರಿ ಬೇಕು, ಗುಪ್ತಲಿಪಿಗೆ ಒಂದು, ಪಿಡಿಎಫ್ ಮಾಡಲು ಇನ್ನೊಂದು. ಇವನ್ನು ಪ್ರತಿ ಪ್ರೋಗ್ರಾಮೂ ತನ್ನ ಜೊತೆ ಹೊತ್ತುಕೊಂಡು ಬರಬಾರದು, ಯಂತ್ರದಲ್ಲಿ ಒಂದೇ ಕಡೆ ಇಟ್ಟು ಎಲ್ಲರೂ ಹಂಚಿಕೊಳ್ಳಬೇಕು ಎನ್ನುವುದು ಲಿನಕ್ಸಿನ ಹಳೆಯ ಸಂಪ್ರದಾಯ. ಒಟ್ಟು ಕುಟುಂಬದ ಒರಳುಕಲ್ಲಿನ ಹಾಗೆ. ಆ ಒರಳನ್ನು ತೊಳೆದಿಡುವ ಹೊಣೆ ಡಿಸ್ಟ್ರಿಬ್ಯೂಷನ್ ನಡೆಸುವವರದು.

ಕೇಳಲು ಚೆಂದ. ಆದರೆ ಒಂದೊಂದು ಮನೆಯ ಒರಳಿಗೂ ಒಂದೊಂದು ಅಳತೆ. ಗುಪ್ತಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನೇ ನೋಡಿ. ಸೆಂಟ್‌ಓಎಸ್ 5ರಲ್ಲಿ ಅದರ ಫೈಲಿನ ಹೆಸರಿನ ಕೊನೆಗೆ 6 ಎಂದಿರುತ್ತಿತ್ತು, ಸೆಂಟ್‌ಓಎಸ್ 6ರಲ್ಲಿ 10, ಉಬುಂಟುವಿನಲ್ಲಿ 1.0.0. ಒಂದೇ ಮನುಷ್ಯನನ್ನು ಮೂರು ಊರಿನಲ್ಲಿ ಮೂರು ಹೆಸರಿನಿಂದ ಕರೆದ ಹಾಗೆ. 10 ಎಂಬ ಹೆಸರನ್ನು ಹುಡುಕುವಂತೆ ಕಟ್ಟಿದ ಪ್ರೋಗ್ರಾಂ 1.0.0 ಇರುವ ಮನೆಯ ಬಾಗಿಲಲ್ಲಿ ನಿಂತು, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಹಿಂದಿರುಗುತ್ತದೆ.

ಮೊದಮೊದಲು ನಾನು ಸಂಪ್ರದಾಯಸ್ಥನಂತೆಯೇ ಮೂರು ಪ್ಯಾಕೇಜು ಮಾಡುತ್ತಿದ್ದೆ. ಎರಡು ಆರ್‌ಪಿಎಂ, ಒಂದು ಡೆಬ್. ನಮಗೆ ಬೇಕಾದ ಲೈಬ್ರರಿಗಳ ಹೆಸರನ್ನು ಒಳಗೆ ಬರೆದಿಟ್ಟರೆ ಆಯಿತು, ಇಲ್ಲದ್ದನ್ನು ಯಂತ್ರವೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಹಾಗಿದೆ. ಆದರೆ ಆಸ್ಪತ್ರೆಗಳ ಸರ್ವರಿನಿಂದ ಹೊರಗೆ ಇಂಟರ್ನೆಟ್ಟಿಗೆ ಹೋಗುವ ದಾರಿ ಮುಚ್ಚಿರುತ್ತಿತ್ತು. ಡಾಕ್ಟರುಗಳು ಹೊರಗಿನಿಂದ ಒಳಗೆ ಬರಲು ಒಂದೇ ಒಂದು ಕಿಂಡಿ. ಒಂದು ಲೈಬ್ರರಿ ಕಡಿಮೆ ಬಿದ್ದರೆ ಅದನ್ನು ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಒಯ್ದರೆ ಅದು ಇನ್ನೆರಡನ್ನು ಕೇಳುತ್ತದೆ, ಆ ಎರಡು ಇನ್ನೈದನ್ನು.

ಇದರ ಜೊತೆಗೆ ಒಂದು ಅವಮಾನವೂ ಆಯಿತು. ಗಡಿಬಿಡಿಯಲ್ಲಿ ನನ್ನದೇ ಉಬುಂಟು 12.04 ಯಂತ್ರದಲ್ಲಿ ಕಟ್ಟಿದ್ದನ್ನು ಸೆಂಟ್‌ಓಎಸ್ 6 ಇದ್ದ ಆಸ್ಪತ್ರೆಗೆ ಒಯ್ದೆ. ಲ್ಯಾಬಿನ ಮುಖ್ಯಸ್ಥರು, ಇಬ್ಬರು ಡಾಕ್ಟರು, ಕಾಫಿ ತಂದ ಹುಡುಗ ಎಲ್ಲರೂ ನನ್ನ ಹಿಂದೆ ನಿಂತು ನೋಡುತ್ತಿದ್ದರು. ಗುಂಡಿ ಒತ್ತಿದೆ. ಜಿಲಿಬ್‌ಸಿ 2.14 ನಾಟ್ ಫೌಂಡ್ ಎಂದು ಒಂದೇ ಸಾಲು ಬಂತು. ಜಿಲಿಬ್‌ಸಿ ಎನ್ನುವುದು ಲೈಬ್ರರಿಗಳ ತಾಯಿಬೇರು. ಮೆಮೊರಿಯಲ್ಲಿ ಇಲ್ಲಿಂದ ಅಲ್ಲಿಗೆ ನಕಲು ಮಾಡುವಂಥ ಸಣ್ಣ ಕೆಲಸದಿಂದ ಹಿಡಿದು ಎಲ್ಲವೂ ಅದರ ಮೂಲಕವೇ. ಆ ನಕಲು ಮಾಡುವ ಮೆಮ್‌ಕಾಪಿಯನ್ನೇ 2.14ನೇ ಆವೃತ್ತಿಯಲ್ಲಿ ಬದಲಿಸಿ ಹೊಸ ಗುರುತು ಹಾಕಿದ್ದರು. ನನ್ನ ಯಂತ್ರದಲ್ಲಿ ಇದ್ದದ್ದು 2.15. ಆಸ್ಪತ್ರೆಯಲ್ಲಿ 2.12. ಹೊಸ ಜಿಲಿಬ್‌ಸಿ ಹಳೆಯ ಪ್ರೋಗ್ರಾಮುಗಳನ್ನು ಸಾಕುತ್ತದೆ, ಹಳೆಯದಕ್ಕೆ ಹೊಸಬರ ಭಾಷೆ ತಿಳಿಯುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಹಳೆಯ ಯಂತ್ರದಲ್ಲಿ ಕಟ್ಟಬೇಕು ಎನ್ನುವುದು ಈ ಕಸುಬಿನ ಮೊದಲ ಪಾಠ. ನಾನು ಕಲಿತದ್ದು ನಾಲ್ಕು ಜನರ ಎದುರು.

ಊರಿಗೆ ವಾಪಸು ಬಂದವನೇ ಬುತ್ತಿ ಕಟ್ಟಲು ಕೂತೆ. ಒಂದು ಸೆಂಟ್‌ಓಎಸ್ 5 ವರ್ಚುವಲ್ ಯಂತ್ರವನ್ನು ಎಬ್ಬಿಸಿ, ಜಿಲಿಬ್‌ಸಿ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲವನ್ನೂ ಮೂಲದಿಂದ ಕಟ್ಟಿ ಒಂದೇ ಫೋಲ್ಡರಿಗೆ ತುಂಬಿದೆ. ನಮ್ಮದೇ ಓಪನ್‌ಎಸ್‌ಎಸ್‌ಎಲ್, ನಮ್ಮದೇ ಜೆಡ್‌ಲಿಬ್, ನಮ್ಮದೇ ಎಕ್ಸ್‌ಎಂಎಲ್ ಓದುಗ, ನಮ್ಮದೇ ಅಕ್ಷರಶೈಲಿಗಳು. ಜಿಲಿಬ್‌ಸಿಯನ್ನು ಬಿಟ್ಟದ್ದು ಏಕೆಂದರೆ ಅದು ಆ ಯಂತ್ರದ ನೆಲಕ್ಕೇ ಅಂಟಿಕೊಂಡಿರುತ್ತದೆ. ಬುತ್ತಿಯಲ್ಲಿ ಊಟ ಒಯ್ಯಬಹುದು, ಕೂತು ಉಣ್ಣುವ ನೆಲವನ್ನು ಒಯ್ಯಲಾಗದು. ನಾವು ಬರೆದ ಕೋಡು ಒಂಬತ್ತು ಎಂಬಿ, ಡಬ್ಬಿಯ ತೂಕ ನೂರನಲವತ್ತು ಎಂಬಿ.

ಅದೂ ಒಂದೇ ಸಲಕ್ಕೆ ಕೂರಲಿಲ್ಲ ಅನ್ನಿ. ನಮ್ಮ ಪ್ರೋಗ್ರಾಂ ಶುರುವಾಗುವ ಮೊದಲು, ಲೈಬ್ರರಿಗಳನ್ನು ಮೊದಲು ಈ ಫೋಲ್ಡರಿನಲ್ಲೇ ಹುಡುಕು ಎಂದು ಯಂತ್ರಕ್ಕೆ ಹೇಳುವ ಒಂದು ಸಾಲು ಬರೆದಿದ್ದೆ. ಎಲ್‌ಡಿ ಲೈಬ್ರರಿ ಪಾತ್ ಎನ್ನುತ್ತಾರೆ. ಆ ಮಾತು ನಮ್ಮ ಪ್ರೋಗ್ರಾಮಿಗೆ ಮಾತ್ರವಲ್ಲ, ಅದು ಹುಟ್ಟಿಸಿದ ಮಕ್ಕಳಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆತಿದ್ದೆ. ವರದಿ ಪ್ರಿಂಟ್ ಮಾಡಲು ನಾವು ಕರೆದ ಸೆಂಟ್‌ಓಎಸ್‌ನ ಸ್ವಂತ ಆಜ್ಞೆ, ಅದೇ ಹೆಸರಿನ ನಮ್ಮ ಲೈಬ್ರರಿಯನ್ನು ಎತ್ತಿಕೊಂಡು ಮುಗ್ಗರಿಸಿ ಬಿತ್ತು. ಒಂದಿಡೀ ದಿನ ಪ್ರಿಂಟರ್ ಕೆಟ್ಟಿದೆ ಎಂದು ಆಸ್ಪತ್ರೆಯವರು ಪ್ರಿಂಟರಿನವನನ್ನು ಬೈದರು. ಆಮೇಲೆ ಆ ಸಾಲು ತೆಗೆದು, ಪ್ರತಿ ಫೈಲಿನೊಳಗೇ 'ನಾನು ಎಲ್ಲಿದ್ದೇನೋ ಅಲ್ಲಿಂದ ಪಕ್ಕದ ಫೋಲ್ಡರು' ಎಂದು ಬರೆಯುವುದನ್ನು ಕಲಿತೆ. ಆರಿಜಿನ್ ಎಂಬ ಆ ಒಂದು ಪದ ಹುಡುಕಲು ನನಗೆ ಎರಡು ವಾರ ಹಿಡಿಯಿತು.

ಕೊನೆಗೂ ಡಬ್ಬಿ ಎಲ್ಲ ಕಡೆಯೂ ಓಡಿತು. ಬಿಚ್ಚಿ ಇಟ್ಟರೆ ಸಾಕು. ಕಂಪನಿಯ ಕರಪತ್ರದಲ್ಲಿ 'ಯಾವ ಲಿನಕ್ಸ್ ಆದರೂ ಸರಿ, ಹೊರಗಿನಿಂದ ಏನೂ ಬೇಡ' ಎಂಬ ಸಾಲು ಸೇರಿತು. ಬರೆದುಕೊಟ್ಟವನು ನಾನೇ.

ಡಿಸ್ಟ್ರಿಬ್ಯೂಷನ್ ನಡೆಸುವ ಹಿರಿಯರಿಗೆ ಇಂಥ ಬುತ್ತಿ ಆಗದು ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಬೇರೆಯವರ ಲೈಬ್ರರಿಯ ನಕಲನ್ನು ನಿನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳಬೇಡ ಎಂದು ಡೆಬಿಯನ್ನಿನ ನಿಯಮಾವಳಿಯಲ್ಲೇ ಇದೆ. ಫೆಡೊರಾದವರು ಆಗ ಇನ್ನೂ ಕಟ್ಟುನಿಟ್ಟು, 2015ರಲ್ಲಿ ಸ್ವಲ್ಪ ಸಡಿಲಿಸಿ, ಇಟ್ಟುಕೊಳ್ಳುವುದಾದರೆ ಇಂಥದ್ದು ಇದೆ ಎಂದು ಪ್ಯಾಕೇಜಿನ ಮೇಲೆ ಬರೆ ಎಂದರು. ಅವರ ಭಯಕ್ಕೆ ಕಾರಣವಿತ್ತು. 2002ರಲ್ಲಿ ಜೆಡ್‌ಲಿಬ್‌ನಲ್ಲಿ ಒಂದು ದೋಷ ಸಿಕ್ಕಾಗ, ಹಂಚಿಕೊಂಡ ಒಂದು ಪ್ರತಿಯನ್ನು ಸರಿಪಡಿಸುವುದು ಸುಲಭವಾಯಿತು. ಅದನ್ನು ನಕಲು ಮಾಡಿ ಒಳಗೆ ಸೇರಿಸಿಕೊಂಡಿದ್ದ ಪ್ರೋಗ್ರಾಮುಗಳನ್ನು ಒಂದೊಂದಾಗಿ ಹುಡುಕಬೇಕಾಯಿತು. ಇದನ್ನೆಲ್ಲ ನಾನು ಓದಿದ್ದೆ. ಅವರಿಗೇನು, ಅವರು ಆಸ್ಪತ್ರೆಗೆ ಪೆನ್‌ಡ್ರೈವ್ ಹೊತ್ತುಕೊಂಡು ಹೋಗಿಲ್ಲ ಎಂದುಕೊಂಡಿದ್ದೆ.

ಏಪ್ರಿಲ್ 8, ಮಂಗಳವಾರ, ರಾಮನವಮಿ. ಎಣ್ಣೆ ಅಂಗಡಿಯವರು ಬೆಳಿಗ್ಗೆಯೇ ಪಾನಕ ಕೋಸಂಬರಿ ಕಳಿಸಿದ್ದರು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸುವ ದಿನವೂ ಅದೇ. ಆಫೀಸಿನಲ್ಲಿ ಅದರದೇ ಮಾತು, ನಡುವೆ ಚುನಾವಣೆಯದು. ಆಗ ಒಬ್ಬರು ತಮ್ಮ ಪರದೆಯನ್ನು ನನ್ನತ್ತ ತಿರುಗಿಸಿದರು. ಹಿಂದಿನ ರಾತ್ರಿ ಹೊರಬಿದ್ದ ಸುದ್ದಿ. ಹಾರ್ಟ್‌ಬ್ಲೀಡ್.

ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬೀಟ್ ಎಂಬ ಒಂದು ಸಣ್ಣ ಅನುಕೂಲವಿತ್ತು. ಒಂದು ಯಂತ್ರ ಇನ್ನೊಂದಕ್ಕೆ ಒಂದು ಪದ ಕಳಿಸಿ, ಬದುಕಿದ್ದೀಯಾ, ಇದ್ದರೆ ಇದೇ ಪದವನ್ನು ತಿರುಗಿ ಹೇಳು, ಇದು ಇಷ್ಟು ಉದ್ದವಿದೆ ಎನ್ನುತ್ತದೆ. ಆ ಉದ್ದ ನಿಜವೇ ಎಂದು ಯಾರೂ ಪರೀಕ್ಷಿಸುತ್ತಿರಲಿಲ್ಲ. ಒಂದಕ್ಷರ ಕಳಿಸಿ, ಇದು ಅರವತ್ತನಾಲ್ಕು ಸಾವಿರ ಅಕ್ಷರ ಎಂದು ಸುಳ್ಳು ಹೇಳಿದರೆ, ಸರ್ವರು ಪಾಪ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿ ಏನಿದೆಯೋ ಅದನ್ನೆಲ್ಲ ಗೋರಿ ಕೊಡುತ್ತಿತ್ತು. ಪಾಸ್‌ವರ್ಡು, ಯಾರದೋ ವರದಿಯ ತುಣುಕು, ಸರ್ವರಿನ ಗುಪ್ತ ಕೀಲಿ ಕೂಡ. ಮಾಮೂಲಿ ಲಾಗುಗಳಲ್ಲಿ ಅದರ ಗುರುತೂ ಉಳಿಯುತ್ತಿರಲಿಲ್ಲ. 2012ರ ಮಾರ್ಚ್‌ನಲ್ಲಿ ಬಂದ 1.0.1ರಿಂದ 1.0.1ಎಫ್‌ವರೆಗೆ ಎಲ್ಲದರಲ್ಲೂ ಈ ದೋಷ. 1.0.1ಜಿಯಲ್ಲಿ ಸರಿ ಮಾಡಿದ್ದರು.

ನಮ್ಮ ಡಬ್ಬಿಯಲ್ಲಿದ್ದದ್ದು 1.0.1ಸಿ.

ಆಮೇಲೆ ಹೊಳೆದದ್ದು ಇನ್ನೂ ಕೆಟ್ಟದ್ದು. ಸೆಂಟ್‌ಓಎಸ್ 5ರ ಸ್ವಂತ ಓಪನ್‌ಎಸ್‌ಎಸ್‌ಎಲ್ ಬಹಳ ಹಳೆಯದು, 0.9.8ಇ. ಅದರಲ್ಲಿ ಹಾರ್ಟ್‌ಬೀಟ್ ಎಂಬುದೇ ಇರಲಿಲ್ಲ. ಆ ಯಂತ್ರಗಳನ್ನು ನಾವು ಮುದುಕ ಎಂದು ನಗುತ್ತಿದ್ದೆವು. ಜಗತ್ತಿನ ಅರ್ಧ ಸರ್ವರುಗಳಿಗೆ ಗಾಬರಿಯಾದ ಆ ದಿನ ಮುದುಕರು ಆರಾಮವಾಗಿ ಇರಬೇಕಿತ್ತು. ಅವರ ಮನೆಯೊಳಗೆ ರೋಗ ಹೊತ್ತು ತಂದವರು ನಾವು. ಹೊಸದು ಒಳ್ಳೆಯದು ಎಂದು.

ಯಜಮಾನರು ಬಾಗಿಲು ಹಾಕಿ ಮೀಟಿಂಗ್ ಮಾಡಿದರು. ಹೊಸ ಡಬ್ಬಿ ಸಿದ್ಧವಾಗುವವರೆಗೆ ಯಾರಿಗೂ ಹೇಳುವುದು ಬೇಡ ಎಂದರು. ಬರೀ ದುರ್ಬುದ್ಧಿಯ ಮಾತಲ್ಲ ಅದು. ಔಷಧ ಇಲ್ಲದೆ ರೋಗವನ್ನು ಸಾರಿದರೆ ಕಳ್ಳರಿಗೆ ದಾರಿ ತೋರಿಸಿದಂತೆ ಎಂದು ಭದ್ರತೆಯ ಲೋಕದಲ್ಲೂ ಹೇಳುತ್ತಾರೆ. ನಾನು ತಲೆಯಾಡಿಸಿದೆ. ಒಂದು ದಿನದ ಕೆಲಸ ಎಂದುಕೊಂಡೆ.

ಮರುದಿನ ಬುಧವಾರ ಫೋನು ಬಂತು. ಹುಬ್ಬಳ್ಳಿಯಿಂದಾಚೆಗಿನ ಒಂದು ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನೆಲ್ಲ ಒಬ್ಬನೇ ನೋಡಿಕೊಳ್ಳುತ್ತಿದ್ದ ಹುಡುಗ. ಡಿಪ್ಲೊಮಾ ಮಾಡಿದವನು. ಲಿನಕ್ಸನ್ನು ತಾನೇ ಕಲಿತಿದ್ದ, ನನಗಿಂತ ಶ್ರದ್ಧೆಯಿಂದ.

"ನಮಸ್ಕಾರ್ರೀ ಸರ. ಆ ಹಾರ್ಟ್‌ಬ್ಲೀಡ್ ಅಂತ ಬಂದೈತಲ್ರಿ, ಸರ್ವರ್‌ಗೆ ಅಪ್‌ಡೇಟ್ ಹಾಕೀನ್ರಿ. ಹೊರಗ ನೆಟ್ ಇಲ್ಲಲ್ರಿ ಅದಕ್ಕ, ಮನ್ಯಾಗ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನ್ಯಾಗ ತಂದು ಹಾಕೀನಿ. ಆದ್ರ ವರ್ಷನ್ ಇನ್ನೂ 1.0.1ಇ ಅಂತನ ತೋರಸ್ತೈತಿ. ಜಿ ಅಂತ ಇರಬೇಕಲ್ರಿ?"

ಅವರದು ಸೆಂಟ್‌ಓಎಸ್ 6.5. ಅದರ ಸ್ವಂತ ಓಪನ್‌ಎಸ್‌ಎಸ್‌ಎಲ್‌ನಲ್ಲೂ ದೋಷವಿತ್ತು. ರೆಡ್‌ಹ್ಯಾಟ್ ಸಂಪ್ರದಾಯದಲ್ಲಿ ಆವೃತ್ತಿಯ ಸಂಖ್ಯೆ ಬದಲಿಸದೆ, ಹಳೆಯದಕ್ಕೇ ತೇಪೆ ಹಚ್ಚಿ, ಬಾಲದಲ್ಲಿ ಮಾತ್ರ ಗುರುತು ಹಾಕುತ್ತಾರೆ. ನಾನು ಅದನ್ನೆಲ್ಲ ವಿವರವಾಗಿ ಹೇಳಿದೆ. ಹೆಸರಿನ ಕೊನೆಯಲ್ಲಿ 16, ಇಎಲ್6, 5.7 ಎಂದಿದ್ದರೆ ಆಯಿತು, ಇ ಎಂದಿದ್ದರೂ ಚಿಂತೆಯಿಲ್ಲ ಎಂದೆ. ಆತ ಒಂದೊಂದೇ ಅಂಕಿ ಓದಿ ಹೇಳಿದ. ಎಲ್ಲ ಸರಿ ಇತ್ತು.

"ಹಂಗಾದ್ರ ಎಲ್ಲಾ ಸೇಫ್ ಐತಿ ಅಂತ ಅಡ್ಮಿನ್ ಸಾಹೇಬ್ರಿಗೆ ಬರದು ಕೊಡ್ತೀನ್ರಿ ಸರ. ಪೇಪರಿನ್ಯಾಗ ನೋಡಿ ಬೆಳಿಗ್ಗಿಂದ ಕೇಳಾಕತ್ಯಾರ."

"ಹ್ಞೂಂ" ಎಂದೆ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆತ ಕೇಳಿದ್ದು ಸೆಂಟ್‌ಓಎಸ್‌ನ ಓಪನ್‌ಎಸ್‌ಎಸ್‌ಎಲ್ ಬಗ್ಗೆ, ಉತ್ತರ ಕೊಟ್ಟದ್ದೂ ಅದರ ಬಗ್ಗೆ. ಅದೇ ಯಂತ್ರದಲ್ಲಿ, ಡಾಕ್ಟರುಗಳು ಬರುವ ಕಿಂಡಿಯ ಹಿಂದೆಯೇ, ಆತನ ಅಪ್‌ಡೇಟಿಗೆ ಕಾಣದ ಇನ್ನೊಂದು ಓಪನ್‌ಎಸ್‌ಎಸ್‌ಎಲ್ ಇದೆ ಎಂದು ಆತ ಕೇಳಲಿಲ್ಲ. ಕೇಳಲು ಗೊತ್ತಿದ್ದರಲ್ಲವೇ?

ಯಜಮಾನರ ಮಾತನ್ನು ಮೀರದೆಯೂ ಒಂದು ಮಾತು ಹೇಳಬಹುದಿತ್ತು: ಎರಡು ದಿನ ಆ ಕಿಂಡಿ ಮುಚ್ಚಿಡು, ಕಾರಣ ಆಮೇಲೆ ಹೇಳುತ್ತೇನೆ. ಆ ಹೊತ್ತಿಗೆ ಹೊಳೆಯಲಿಲ್ಲ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಹೊಳೆದಿತ್ತು.

ಒಂದು ದಿನದ ಕೆಲಸ ಎರಡು ದಿನಕ್ಕೆ ಹೋಯಿತು. 1.0.1ಜಿ ತಂದು ಸೆಂಟ್‌ಓಎಸ್ 5 ಯಂತ್ರದಲ್ಲಿ ಕಟ್ಟಿದ್ದೇನೋ ಬೇಗ ಮುಗಿಯಿತು. ಆದರೆ ಹಳೆಯ ಫೈಲನ್ನು ಹುಡುಕಿ ಬದಲಿಸಿದ ಮೇಲೂ ಪರೀಕ್ಷೆಯಲ್ಲಿ ದೋಷ ತೋರಿಸುತ್ತಲೇ ಇತ್ತು. ಬಿಟ್ಟುಹೋಗಿದ್ದ ಒಬ್ಬ ಸಹೋದ್ಯೋಗಿ ಒಂದು ಭಾಗಕ್ಕೆ ಓಪನ್‌ಎಸ್‌ಎಸ್‌ಎಲ್ ಅನ್ನು ಬೇರೆ ಫೈಲಾಗಿ ಇಡದೆ, ಕೋಡಿನೊಳಗೇ ಅರೆದು ಸೇರಿಸಿಬಿಟ್ಟಿದ್ದ. ಸ್ಟ್ಯಾಟಿಕ್ ಲಿಂಕಿಂಗ್. ಅನ್ನದ ಮೇಲೆ ಇಟ್ಟ ಉಪ್ಪಿನಕಾಯಿಯನ್ನು ಎತ್ತಿ ಬದಿಗಿಡಬಹುದು, ಕಲಸಿದ್ದನ್ನು ಏನು ಮಾಡುವುದು? ಇಡೀ ಫೈಲನ್ನು ಸ್ಟ್ರಿಂಗ್ಸ್ ಎಂಬ ಆಜ್ಞೆಯಿಂದ ಸೋಸಿದಾಗ ಒಳಗೆ ಎಲ್ಲೋ 'ಓಪನ್‌ಎಸ್‌ಎಸ್‌ಎಲ್ 1.0.1ಸಿ' ಎಂಬ ಅಕ್ಷರಗಳು ಸಿಕ್ಕವು. ಗುರುವಾರ ಮಧ್ಯಾಹ್ನಕ್ಕೆ ಅದೂ ಮುಗಿಯಿತು.

ಹೊಸ ಡಬ್ಬಿಯನ್ನು 'ಸಾಮಾನ್ಯ ಸುಧಾರಣೆಗಳು' ಎಂದು ಬರೆದು ಕಳಿಸಿಬಿಟ್ಟರೆ ಹೇಗೆ ಎಂಬ ಮಾತು ಬಂತು. ಆಗಲಿಲ್ಲ. ಆಗದೇ ಇದ್ದದ್ದು ನಮ್ಮ ಪ್ರಾಮಾಣಿಕತೆಯಿಂದಲ್ಲ, ಗಣಿತದಿಂದ. ಗುಪ್ತ ಕೀಲಿ ಸೋರಿರಬಹುದಾದ್ದರಿಂದ ಹೊಸ ಕೀಲಿ ಮಾಡಬೇಕು, ಹಳೆಯ ಸರ್ಟಿಫಿಕೇಟನ್ನು ರದ್ದು ಮಾಡಿಸಬೇಕು. ಸರ್ಟಿಫಿಕೇಟು ಇರುವುದು ಆಸ್ಪತ್ರೆಯ ಹೆಸರಿನಲ್ಲಿ. ಎಲ್ಲ ಡಾಕ್ಟರುಗಳೂ ಪಾಸ್‌ವರ್ಡು ಬದಲಿಸಬೇಕು. ಏಕೆ ಎಂದು ಹೇಳದೆ ಒಬ್ಬ ಸರ್ಜನ್ನಿನಿಂದ ಪಾಸ್‌ವರ್ಡು ಬದಲಿಸಿಸುವುದು ಯಾರಿಂದಲೂ ಆಗದ ಕೆಲಸ. ಯಜಮಾನರು, "ಆಯ್ತು, ಹೇಳಿಬಿಡಿ" ಎಂದರು.

ಆತನಿಗೆ ನಾನೇ ಫೋನು ಮಾಡಿದೆ.

"ಸರ, ನಿನ್ನಿ ನೀವ ಸರಿ ಐತಿ ಅಂದ್ರಿ."

"ಓಎಸ್‌ದು ಸರಿ ಇತ್ತು. ನಮ್ಮದು ಇರಲಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಆಸ್ಪತ್ರೆಯ ಕಾರಿಡಾರಿನ ಸದ್ದು, ಯಾರೋ ಟೋಕನ್ ಸಂಖ್ಯೆ ಕೂಗುತ್ತಿದ್ದರು.

"ನಿಮ್ಮ ಡಬ್ಬ್ಯಾಗ ಇನ್ನೊಂದು ಐತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ನಾ ಸೈನ್ ಮಾಡಿ ಕೊಟ್ಟೀನಿ ಸರ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆತ ಕಿಂಡಿ ಮುಚ್ಚುತ್ತೇನೆ ಎಂದ, ನಾನು ಹೇಳುವ ಮೊದಲೇ. ಫೋನು ಇಡುವ ಮುಂಚೆ ಒಂದು ಪ್ರಶ್ನೆ ಕೇಳಿದ. "ಮತ್ತ ಏನೇನ್ ಅದಾವ್ರಿ ಅದರಾಗ?"

ನನಗೆ ಗೊತ್ತಿರಲಿಲ್ಲ. ಕಟ್ಟಿದವನು ನಾನೇ, ಇಷ್ಟು ದಿನ ಹೊತ್ತು ತಿರುಗಿದವನೂ ನಾನೇ. ಅಂದು ರಾತ್ರಿ ಮತ್ತು ಮರುದಿನವಿಡೀ ಕೂತು ಪಟ್ಟಿ ಮಾಡಿದೆ. ಮೂವತ್ತೊಂದು ಲೈಬ್ರರಿಗಳು. ಜೆಡ್‌ಲಿಬ್ ಎರಡು ಕಡೆ, ಎರಡು ಬೇರೆ ಬೇರೆ ಆವೃತ್ತಿ. ಪಿಡಿಎಫ್ ಲೈಬ್ರರಿಯನ್ನು ಯಾರೋ ತಿದ್ದಿದ್ದರು, ಏನು ತಿದ್ದಿದ್ದರು ಎಂಬುದಕ್ಕೆ ದಾಖಲೆಯಿಲ್ಲ. ಮೂರರ ಆವೃತ್ತಿ ಯಾವುದೆಂದೇ ತಿಳಿಯಲಿಲ್ಲ. ಅಮ್ಮನಾದರೆ ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಇದು ಗುರುವಾರ ಮಾಡಿದ್ದು, ಮೊದಲು ಇದನ್ನು ಮುಗಿಸು ಎಂದು ಬರೆಯುತ್ತಿದ್ದಳು.

ಈಗ ಇಂಥ ಪಟ್ಟಿಗೆ ದೊಡ್ಡ ಹೆಸರಿದೆ. ಸಾಫ್ಟ್‌ವೇರ್ ಬಿಲ್ ಆಫ್ ಮೆಟೀರಿಯಲ್ಸ್ ಎನ್ನುತ್ತಾರೆ, ಎಸ್‌ಬಾಮ್. 2021ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರ ಆದೇಶದಲ್ಲೇ ಅದರ ಮಾತು ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಹೊರಬಿದ್ದಾಗ, ಜಾರ್ ಫೈಲಿನೊಳಗೆ ಜಾರ್, ಅದರೊಳಗೆ ಇನ್ನೊಂದು ಎಂದು ಜಗತ್ತಿನ ತುಂಬ ಜನ ನಿದ್ದೆಗೆಟ್ಟು ಬಿಚ್ಚುತ್ತ ಕೂತದ್ದು ನೆನಪಿರಬಹುದು. ನಾನು ಆಗ ಬೇರೆ ಕಂಪನಿಯಲ್ಲಿದ್ದೆ, ನಾನೂ ಬಿಚ್ಚುತ್ತಿದ್ದೆ. ಬುತ್ತಿ ಕಟ್ಟುವುದನ್ನು ಯಾರೂ ಬಿಟ್ಟಿಲ್ಲ. ಡಾಕರ್ ಬಂದ ಮೇಲಂತೂ ಲೈಬ್ರರಿಗಳಷ್ಟೇ ಅಲ್ಲ, ನಾನು ಅಂದು ಬಿಟ್ಟುಬಂದಿದ್ದ ಜಿಲಿಬ್‌ಸಿಯನ್ನೂ ಸೇರಿಸಿ ಅರ್ಧ ಅಡುಗೆಮನೆಯನ್ನೇ ಹೊತ್ತೊಯ್ಯುತ್ತೇವೆ. ಫ್ಲಾಟ್‌ಪ್ಯಾಕ್‌ನವರು ನಡುವಿನ ದಾರಿ ಹುಡುಕಿದ್ದಾರೆ. ಎಲ್ಲರಿಗೂ ಬೇಕಾದ್ದನ್ನು ಒಂದು ರನ್‌ಟೈಮಿನಲ್ಲಿಟ್ಟು ಅದನ್ನು ಬೇರೆಯೇ ಸರಿಪಡಿಸುತ್ತಾರೆ, ಮಿಕ್ಕದ್ದು ಮಾತ್ರ ಅವರವರ ಡಬ್ಬಿಯಲ್ಲಿ. ಪೈಥಾನ್‌ನವರು 2016ರಲ್ಲಿ ಎಲ್ಲ ಲಿನಕ್ಸಿಗೂ ಒಗ್ಗುವ ಕಟ್ಟಿಗೆ ನಿಯಮ ಮಾಡಿದಾಗ ಬುನಾದಿಯಾಗಿ ಹಿಡಿದದ್ದು ನನ್ನ ಆ ಮುದುಕನನ್ನೇ, ಸೆಂಟ್‌ಓಎಸ್ 5ನ್ನು. ಓದಿ ಸಂತೋಷಪಟ್ಟೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಡೆಬಿಯನ್ ಹಿರಿಯರೂ ಪೂರ್ತಿ ಸರಿಯಲ್ಲ. ಅವರ ಒರಳಿಗೆ ಒಗ್ಗುವಂತೆ ಕಾಯುತ್ತ ಕೂತಿದ್ದರೆ ಆ ಊರುಗಳ ಡಾಕ್ಟರುಗಳು ಇನ್ನೂ ವರದಿಗಾಗಿ ವಾರ್ಡ್‌ಬಾಯ್‌ಗಳನ್ನು ಓಡಿಸುತ್ತಿದ್ದರು. ಕಟ್ಟಿದ್ದು ತಪ್ಪಲ್ಲ. ಕಟ್ಟಿದ ದಿನದಿಂದ ಆ ಮೂವತ್ತೊಂದರ ಹೊಣೆಯೂ ನನ್ನದಾಯಿತು ಎಂಬುದು ನನಗೆ ತಿಳಿದಿರಲಿಲ್ಲ. ಊರೆಲ್ಲ ಯಮ್ ಅಪ್‌ಡೇಟ್ ಎಂದು ಹೊಡೆದು ಮಲಗುವ ರಾತ್ರಿ ನಾನು ಎಚ್ಚರ ಇರಬೇಕಿತ್ತು.

ಆ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಹುಬ್ಬಳ್ಳಿ ಬಸ್ಸು ಹತ್ತಿದೆ. ದೂರದಿಂದ ಸರ್ವರಿಗೆ ಸೇರುವ ದಾರಿ ಇರಲಿಲ್ಲ, ಕೈಯಲ್ಲೇ ಒಯ್ಯಬೇಕು. ಮತದಾನಕ್ಕೆ ವಾರವೂ ಉಳಿದಿರಲಿಲ್ಲ. ನಡುರಾತ್ರಿ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಬ್ಯಾಗುಗಳನ್ನು ಬಿಚ್ಚಿಸಿದರು. ಹಣ ಹುಡುಕುತ್ತಿದ್ದವರಿಗೆ ನನ್ನ ಬ್ಯಾಗಿನಲ್ಲಿ ಒಂದು ಪೆನ್‌ಡ್ರೈವು, ಎರಡು ಪುಟದ ಪಟ್ಟಿ, ಒಂದು ಜೊತೆ ಬಟ್ಟೆ ಸಿಕ್ಕವು. "ಇದೇನಿದು ಪಟ್ಟಿ?" ಎಂದು ಟಾರ್ಚು ಹಾಕಿ ನೋಡಿದ ಪೇದೆಗೆ ಏನು ಹೇಳುವುದೆಂದು ತಿಳಿಯದೆ, ಆಸ್ಪತ್ರೆ ಸಾಮಾನಿನದು ಎಂದೆ.

ಬೆಳಿಗ್ಗೆ ಆತ ಗೇಟಿನಲ್ಲೇ ನಿಂತಿದ್ದ. ಫೋನಿನಲ್ಲಿ ಮಾತ್ರ ಕೇಳಿದ್ದ ದನಿಗಿಂತ ಚಿಕ್ಕ ವಯಸ್ಸು. ಚಹಾ ಕುಡಿಸಿದ, ಮಾತು ಕಡಿಮೆ. ಸರ್ವರು ಇದ್ದ ಕೋಣೆ ಎಕ್ಸ್‌ರೇ ವಿಭಾಗದ ಪಕ್ಕದಲ್ಲಿ, ಹಳೆಯ ಫೈಲುಗಳ ನಡುವೆ. ನಾನು ಪೆನ್‌ಡ್ರೈವ್ ತೆಗೆದೆ.

"ತಡೀರಿ ಸರ. ಹಾಕೂದಕ್ಕ ಮೊದಲ ಒಮ್ಮೆ ನೋಡೂಣ."

ಹಾರ್ಟ್‌ಬ್ಲೀಡ್ ಇದೆಯೇ ಇಲ್ಲವೇ ಎಂದು ಪರೀಕ್ಷಿಸುವ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಆ ವಾರ ಎಲ್ಲರ ಕೈಯಲ್ಲೂ ಓಡಾಡುತ್ತಿತ್ತು. ಆತ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದ. ಹೊರಗಿನ ಕಿಂಡಿ ಮುಚ್ಚಿದ್ದರೂ ಆಸ್ಪತ್ರೆಯ ಒಳಗಿನ ಡಾಕ್ಟರುಗಳು ಸರ್ವರು ಬಳಸುತ್ತಲೇ ಇದ್ದರು. ಓಡಿಸಿದ. ಪರದೆಯ ಎಡಕ್ಕೆ ಅಂಕಿಗಳ ಸಾಲು, ಬಲಕ್ಕೆ ಅವುಗಳ ಅಕ್ಷರರೂಪ. ಬಹುಪಾಲು ಬರೀ ಚುಕ್ಕೆಗಳು. ಎರಡನೆಯ ಸಲ ಓಡಿಸಿದ. ಮೂರನೆಯ ಸಲ ಚುಕ್ಕೆಗಳ ನಡುವೆ ಒಬ್ಬ ಡಾಕ್ಟರರ ಲಾಗಿನ್ ಹೆಸರು ಬಂತು. ಅದರ ಕೆಳಗೆ, ಅರ್ಧಕ್ಕೆ ತುಂಡಾಗಿ, ಒಬ್ಬ ಹೆಣ್ಣುಮಗಳ ಹೆಸರು, ವಯಸ್ಸು 34, ಬಯಾಪ್ಸಿ ಎಂಬ ಪದದ ಮೊದಲ ಮೂರು ಅಕ್ಷರ.

ಇಬ್ಬರೂ ಮಾತಾಡಲಿಲ್ಲ. ಗೋಡೆಯಾಚೆ ಎಕ್ಸ್‌ರೇ ಯಂತ್ರ ಗುಂಯ್ ಎಂದಿತು. ಆತ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ, ಹೊರಗಿನವರಿಗೆ ಕಾಣಬಾರದೆಂಬಂತೆ. ಆಮೇಲೆ, "ಹಾಕ್ರಿ" ಎಂದ.

ಹೊಸ ಡಬ್ಬಿ ಬಿಚ್ಚಿದೆವು. ಆತ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ಫೈಲಿಗೂ ಎಲ್‌ಡಿಡಿ ಹೊಡೆದು, ಅದು ಯಾರನ್ನು ಕರೆಯುತ್ತದೆ ಎಂದು ನೋಡಿ, ಪೆನ್ನಿನಲ್ಲಿ ಟಿಕ್ ಹಾಕುತ್ತ ಹೋದ. ಆವೃತ್ತಿ ಗೊತ್ತಿಲ್ಲದ ಮೂರರ ಮುಂದೆ ಪ್ರಶ್ನೆಚಿಹ್ನೆ ಬರೆದ. ಪರೀಕ್ಷೆಯನ್ನು ಮತ್ತೆ ಹತ್ತು ಸಲ ಓಡಿಸಿದ. ಏನೂ ಸೋರಲಿಲ್ಲ. ಹೊಸ ಕೀಲಿ ಮಾಡಿದೆವು. ಎಲ್ಲ ಮುಗಿದಾಗ ಮಧ್ಯಾಹ್ನ ಮೂರು ಗಂಟೆ.

ಆತ ಆಸ್ಪತ್ರೆಯ ಲೆಟರ್‌ಹೆಡ್ ಇದ್ದ ಒಂದು ಹಾಳೆ ತೆಗೆದು ಬರೆಯತೊಡಗಿದ. ದಿನಾಂಕ 9ರ ನನ್ನ ಪತ್ರದಲ್ಲಿ ಸರ್ವರು ಸುರಕ್ಷಿತ ಎಂದು ತಿಳಿಸಿದ್ದು ತಪ್ಪಾಗಿತ್ತು, ಎಂದು ಶುರುವಾಯಿತು ಅದು. ಯಾವುದು ಸರಿ ಇತ್ತು,  ಯಾವುದು ಇರಲಿಲ್ಲ, ಯಾವಾಗಿನಿಂದ ಇರಲಿಲ್ಲ, ಇಂದು ಏನೇನು ಬದಲಿಸಲಾಯಿತು, ಇನ್ನೂ ಯಾವ ಮೂರು ತಿಳಿಯಬೇಕಿದೆ, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದ. ನನ್ನ ಹೆಸರಾಗಲಿ ಕಂಪನಿಯ ಹೆಸರಾಗಲಿ ಬೈಗುಳದಂತೆ ಎಲ್ಲೂ ಬರಲಿಲ್ಲ. ಕೆಳಗೆ ಸಹಿ ಹಾಕಿದ. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಪೆನ್ನನ್ನು ಅದರ ಮೇಲಿಟ್ಟ. ತನ್ನ ಸಹಿಯ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟಿದ್ದ.